ಮೇ ತಿಂಗಳ ಶೇರ್ವಾನಿ

"ಹ್ವಾಯ್, ಆ ಶಟರ್ ಎಂತಕ್ಕೆ ಎತ್ತಿದ್ರಿ? ಬಿಸ್ಲ್ ನನ್ನ ಮುಖಕ್ಕೇ ಹೊಡಿತಿತ್ತ್, ಕಾಂತಿಲ್ಯಾ?"

ತುಂಗಾ ಸುಧೀರನಿಗೆ ಹೇಳಿದ ಮೊದಲ ಮಾತೇ ಅದು! ನಾವುಂದದಿಂದ ಕುಂದಾಪುರಕ್ಕೆ ಹೋಗುವ ಬೆಳಗಿನ ಬಸ್ಸು. ಹಿಂದಿನ ಸೀಟಿನಲ್ಲಿ ಕೂತಿದ್ದ ಅವನೂ ಸುಮ್ಮನಿರಲಿಲ್ಲ.

"ಮುಚ್ಚಿರೆ ಸೆಕೆಗ್ ಜೀವ ಹೋತ್ತ್ ಮಾರಾಯ್ರೆ!"

"ಗಾಳಿ ಬೇಕಾರೆ ಬಸ್ಸಿನ್ ಮೇಲೆ ಹತ್ತಿ ಕೂಕಣಿ!"

ಫೆಬ್ರವರಿಯಿಂದ ಮೇವರೆಗೂ ದಿನಾ ಇದೇ ಜಗಳ. ಅವನು ಬಾರದ ದಿನ ಮಾತ್ರ ತುಂಗಾಳಿಗೆ ಏನೋ ಕಳೆದುಕೊಂಡಂತೆ...

ಬಣ್ಣ ಮಾಸಿದ ಅಂಗಿ, ಅಂಗಡಿಯೊಂದರಲ್ಲಿ ಕೆಲಸ. ಆಡಂಬರವಿಲ್ಲದ ಮನುಷ್ಯ ಎಂದೇ ಅವಳ ಮನಸ್ಸು ಅವನತ್ತ ವಾಲಿತ್ತು. ಆಡಂಬರ ಕಂಡರೆ ಅವಳಿಗೆ ಮೈಯೆಲ್ಲ ಉರಿ. ಅಕ್ಕ ಶರ್ಮಿಳಾಳ ಸಂಬಂಧ ಮುರಿದದ್ದೇ ಬಟ್ಟೆಯಿಂದ. "ಹೆಣ್ಣಿನ್ ಕಡಿಯರ್ ಉಟ್ಕಂಡ್ ಬಂದದ್ ಕಾಣಿ! ನಮ್ಮ ನೆಂಟ್ರ ಎದ್ರಿಗೆ ಮರ್ಯಾದಿ ಹೋತ್ತ್" ಎಂದು ಗಂಡಿನವರು ಎದ್ದು ಹೋಗಿದ್ದರು.

ಮೇ ತಿಂಗಳ ಒಂದು ದಿನ ಬೈಂದೂರಿನಲ್ಲೊಂದು ಮದುವೆ. ಮದುಮಗಳಿಗೆ ಸೀರೆ ಉಡಿಸುವ ಕೆಲಸ ಮುಗಿಸಿ ತುಂಗಾ ಕೋಣೆಯಿಂದ ಹೊರಬಂದಳು. ಎದುರಿಗೇ ಸುಧೀರ!

ಚಿನ್ನದ ಕಸೂತಿಯ ಕಡುಗೆಂಪು ಮಖಮಲ್ ಶೇರ್ವಾನಿ. ಕೊರಳಲ್ಲಿ ಮುತ್ತಿನ ಸರ. ಹಣೆಯಿಂದ ಬೆವರು ಇಳಿಯುತ್ತಿದ್ದರೂ ನಗುತ್ತ ನಿಂತಿದ್ದಾನೆ! ಹೆಂಗಸರಿಬ್ಬರು ಅವನ ತೋಳು ಮುಟ್ಟಿ ನೋಡುತ್ತಿದ್ದರು.

"ಲಕ್ಷದ್ ಮೇಲೆ ಅಂಬ್ರ್..." ಎಂದಳು ಅವರಲ್ಲೊಬ್ಬಳು.

ತುಂಗಾ ನೇರ ಅವನ ಮುಂದೆ ಹೋಗಿ ನಿಂತಳು. "ಇದ್ ನಿಮ್ದಾ?"

ಸುಧೀರನ ಮುಖ ಬಿಳಿಚಿತು. ಪಕ್ಕದಲ್ಲಿದ್ದ ದಪ್ಪ ಮನುಷ್ಯನತ್ತ ಒಮ್ಮೆ ನೋಡಿದ. "ಹೌದ್... ನಂದೇ."

"ಬಸ್ಸಂಗೆ ಬಡವನ ವೇಷ, ಇಲ್ಲಿ ರಾಜನ ವೇಷ! ನಾಲ್ಕ್ ತಿಂಗ್ಳ್ ನನ್ನ ಕಂಡ್ ಒಳಗೊಳಗೇ ನಗಾಡ್ದ್ಯಾ? ಇನ್ ನನ್ನ ಹತ್ರ ಮಾತಾಡ್ಬೇಡ!"

'ನೀವು' ಹೋಗಿ 'ನೀನು' ಬಂದದ್ದು ಅವಳಿಗೇ ತಿಳಿಯಲಿಲ್ಲ. ಊಟವನ್ನೂ ಮಾಡದೆ ಹೊರಟುಬಿಟ್ಟಳು.

ಹೆದ್ದಾರಿಯ ಬಸ್‌ಸ್ಟಾಪಿನಲ್ಲಿ ಕಾದ ಡಾಂಬರಿನ ಝಳ. 'ಅಳಬಾರದು... ಇವನಿಗಾಗಿ ಅಳಲೇಬಾರದು!' ಎಂದುಕೊಳ್ಳುವಾಗಲೇ ಕಣ್ಣು ತುಂಬಿತು.

"ತುಂಗಾ!"

ಅದೇ ಶೇರ್ವಾನಿಯಲ್ಲಿ ಓಡಿ ಬಂದಿದ್ದ. ಏದುಸಿರು ಇನ್ನೂ ನಿಂತಿರಲಿಲ್ಲ.

"ಇದ್ ನಂದಲ್ಲ. ನಾ ಕೆಲ್ಸ ಮಾಡು ಬಟ್ಟಿ ಅಂಗ್ಡಿದ್. ಪ್ರತಿ ಮದಿಮನಿಯಗೂ ಧಣಿ ಇದ್ನ ಹಾಕ್ಸಿ ನಿಲ್ಸ್ತ್ರ್, ಜನ ಕಂಡ್ ಆರ್ಡರ್ ಕೊಡ್ಲಿ ಅಂದೇಳಿ. ಯಾರ್ ಕೇಂಡ್ರೂ ನಂದೇ ಅನ್ಕ್ ಅಂದಿರ್. ಅವ್ರ್ ಪಕ್ಕದಗೇ ಇದ್ದಿರಲೆ..."

"ಅದ್ಕೆ ನಂಗೂ ಸುಳ್ಳ್ ಹೇಳ್ದ್ಯಾ?" ಅವಳ ಸಿಟ್ಟು ಇನ್ನೂ ಏರಿತು.

"ಹೇಳ್ದೆ. ತಡ್ಕಂಬುಕೆ ಆಯ್ಲಿಲ್ಲ, ಓಡಿ ಬಂದೆ."

ಅಷ್ಟರಲ್ಲಿ ಕಾರೊಂದು ಬಂದು ನಿಂತಿತು. ಅಂಗಡಿಯ ಧಣಿ ರಾಘವೇಂದ್ರ, ಆಗ ಪಕ್ಕದಲ್ಲಿದ್ದ ಅದೇ ದಪ್ಪ ಮನುಷ್ಯ, ಕಿಟಕಿಯಿಂದಲೇ ಅಬ್ಬರಿಸಿದರು.

"ಹ್ವಾಯ್ ಸುಧೀರ! ಮಾಲ್ ಪೂರಾ ಬೆವ್ರ್ ಮಾಡಿ ಹಾಕ್ದ್ಯಲ್ಲ! ಹತ್ತ್ ಕಾರಿಗೆ, ವಾಪಾಸ್ ಮದಿಮನಿಗ್ ಹೋಪ!"

ಸುಧೀರ ಒಂದೊಂದೇ ಗುಂಡಿ ಬಿಚ್ಚಿದ. ಶೇರ್ವಾನಿ ಮಡಚಿ, ಮುತ್ತಿನ ಸರ ಅದರ ಮೇಲಿಟ್ಟು ಕಿಟಕಿಯೊಳಗೆ ಕೊಟ್ಟ.

"ನಾ ಬತ್ತಿಲ್ಲೆ ಧಣಿ."

"ಹಾಂಗಾರೆ ನಾಳಿಂದ ಅಂಗ್ಡಿಗೂ ಬಪ್ದ್ ಬ್ಯಾಡ!"

ಕಾರು ಧೂಳೆಬ್ಬಿಸಿ ಹೋಯಿತು. ಒದ್ದೆ ಬನಿಯನಿನಲ್ಲಿ ಸುಧೀರ ನಡುಬಿಸಿಲಲ್ಲಿ ನಿಂತಿದ್ದ. ಈಗ ತುಂಗಾಳಿಗೆ ಅಳು ತಡೆಯಲಾಗಲಿಲ್ಲ.

"ಕೆಲ್ಸ ಹೋಯ್ತಲ್ಲ, ಎಂತ ಮಾಡುದ್ ಈಗ?"

"ಗೊತ್ತಿಲ್ಲೆ."

"ಬೇರೆ ಹುಡ್ಕುವ." ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿದಳು. "ಮೊದ್ಲ್ ಒಂದ್ ಅಂಗಿ ತಕೋ. ಬನೀನಂಗೆ ನಮ್ಮನಿಗ್ ಬಂದ್ ಅಪ್ಪಯ್ಯನ ಹತ್ರ ಹೆಣ್ಣ್ ಕೇಂಬುಕೆ ಆತ್ತಾ?"

ಸುಧೀರ ಒಂದು ಹೆಜ್ಜೆ ಹತ್ತಿರ ಬಂದ.

"ತುಂಗಾ... ಸಿಟ್ಟ್ ಹೋಯ್ತಾ?"

"ಇಲ್ಲೆ! ಜೀವಮಾನಕ್ ಆಪಷ್ಟ್ ಇತ್ತ್!"

"ಹಾಂಗಾರೆ..." ಅವನು ಮೆಲ್ಲನೆ ಅವಳ ಕೈ ಹಿಡಿದ. "ಜೀವಮಾನ ಇಡೀ ಬೈ."