ಗೆಣ್ಣಿನ ಗಾಯ

ಸೋಮವಾರ ಬೆಳಿಗ್ಗೆ ಆರಕ್ಕೆ ಮಾನ್ವಿ ರಸ್ತೆಯ ಅಕ್ಕಿ ಮಿಲ್ಲಿನ ಗೇಟು ತೆಗೆದವರಿಗೆ ವಾಚ್‌ಮನ್ ವಲಿ ಪಾಷಾ ನೆಲದ ಮೇಲೆ ಬಿದ್ದದ್ದು ಕಂಡಿತು. ತುಟಿ ಹರಿದಿತ್ತು. ಮುಂದಿನ ಹಲ್ಲಿನ ತುದಿ ಮುರಿದಿತ್ತು. ತಲೆ ಕಟ್ಟೆಗೆ ಬಡಿದು ಪ್ರಜ್ಞೆ ಇರಲಿಲ್ಲ. ಮೋಟಾರಿನ ತಾಮ್ರದ ತಂತಿ ಮಾಯವಾಗಿತ್ತು.

ಸಂಜೆಯೊಳಗೆ ಪೊಲೀಸರು ಹಮಾಲಿ ಮೌನಪ್ಪನನ್ನು ಹಿಡಿದರು. ಹಿಂದಿನ ದಿನ ಅವನು ವಲಿ ಪಾಷಾ ಜೊತೆ ಜಗಳವಾಡಿದ್ದ. ಅಂಗೈಯಲ್ಲಿ ಗಾಯವೂ ಇತ್ತು. ಇನ್ನೇನು ಬೇಕು?

* * *

ಮಂಗಳವಾರ ಮಧ್ಯಾಹ್ನ, ರಾಯಚೂರಿನ ಆಸ್ಪತ್ರೆಯ ತುರ್ತು ಚಿಕಿತ್ಸಾ ಕೊಠಡಿ. ಡಾಕ್ಟರ್ ನಾಹಿದ್ ಡ್ಯೂಟಿಗೆ ಬಂದು ಹದಿನೆಂಟು ತಾಸಾಗಿತ್ತು. ಆಗಲೇ ಏಳು ಕೈ ಹೊಲಿದಿದ್ದಳು. ಕುಡುಗೋಲು, ಗಾಜು, ಹತ್ತಿ ಜಿನ್ನಿಂಗ್ ಯಂತ್ರ. ಈ ಕಡೆ ದುಡಿಮೆಯೂ ಕೈಯದೇ, ಪೆಟ್ಟೂ ಕೈಗೇ.

ಎಎಸ್ಐ ಹುಲಗೆಮ್ಮ ಮೌನಪ್ಪನನ್ನು ತಪಾಸಣೆಗೆ ಕರೆತಂದಳು. ಮೂರಕ್ಕೆ ಕೋರ್ಟು, ಆಮೇಲೆ ಜೈಲು. ಬಾಗಿಲಲ್ಲಿ ಅವನ ಹೆಂಡತಿ ಮಾನಮ್ಮ ನಿಂತಿದ್ದಳು. ಅಳುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

"ಇದು ಚೀಲ ಎತ್ತೋ ಕೊಕ್ಕಿ ಚುಚ್ಚಿದ್ದು," ಎಂದಳು ನಾಹಿದ್ ಅಂಗೈ ನೋಡಿ. "ವಾರದ ಮ್ಯಾಲಾಗ್ಯಾದ. ಮಾಯಾಕತ್ತದ."

"ಹಂಗಂದ್ರ ಇವ ಹೊಡದಿಲ್ಲೇನ್ರಿ ಡಾಕ್ಟರಮ್ಮ?"

"ಹಂಗೂ ಹೇಳಾಕ ಬರಂಗಿಲ್ರಿ. ಈ ಗಾಯ ನಿಮಗ ಸಾಕ್ಷಿ ಆಗಂಗಿಲ್ಲ, ಅಷ್ಟ."

ಹುಲಗೆಮ್ಮ ಕುರ್ಚಿಯಲ್ಲಿ ಕುಸಿದಳು. ಅವಳ ನಿವೃತ್ತಿಗೆ ಇನ್ನೂ ಎರಡು ತಿಂಗಳಿತ್ತು. ಮೊಣಕಾಲುಗಳು ಆಗಲೇ ನಿವೃತ್ತಿ ತೆಗೆದುಕೊಂಡಿದ್ದವು.

* * *

ಅಷ್ಟರಲ್ಲಿ ಮೇಲಿನ ವಾರ್ಡಿನಿಂದ ಮುಷರ್ರಫ್‌ನನ್ನು ಕಳಿಸಿದರು. ಮಿಲ್ಲಿನ ಫಿಟ್ಟರ್, ವಲಿ ಪಾಷಾನ ತಂಗಿಯ ಮಗ. ನಿನ್ನೆ ಇಲ್ಲಿಗೆ ಸೇರಿಸಿದಾಗಿನಿಂದ, ಇನ್ನೂ ಪ್ರಜ್ಞೆ ಬಾರದ ಮಾವನ ಹಾಸಿಗೆ ಬಿಟ್ಟು ಕದಲಿರಲಿಲ್ಲ. ಬಲಗೈ ಊದಿ ಕೆಂಪಗಾಗಿತ್ತು. ನಡುಬೆರಳಿನ ಗೆಣ್ಣಿನ ಮೇಲೆ ಎರಡು ಹೊಲಿಗೆ.

"ಏನಾತು?"

"ನಿನ್ನಿ ಮುಂಜಾನಿ ಮಿಲ್ಲಿನ ಮಷೀನಿನ ಬೆಲ್ಟ್ ಬಡೀತ್ರಿ. ಮಾನ್ವಿಯಾಗ ಕಂಪೌಂಡರ್ ಹೊಲಿಗಿ ಹಾಕಿದ."

ನಾಹಿದ್ ಎಕ್ಸ್-ರೇ ತೆಗೆಸಿದಳು. ಕೀಲಿನೊಳಗೆ ಒಂದು ಬಿಳಿ ಚುಕ್ಕೆ ಇತ್ತು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಹೊಲಿಗೆ ಬಿಚ್ಚಿದಳು. ಬೆರಳು ನೆಟ್ಟಗಿದ್ದಾಗ ಗಾಯ ಬರೀ ಚರ್ಮದ ಮೇಲಿನದು ಅನ್ನಿಸುತ್ತಿತ್ತು.

"ಮುಷ್ಟಿ ಮಾಡ್ರಿ."

ಅವನು ಅನುಮಾನಿಸಿದ. ಅವಳೇ ಬೆರಳು ಮಡಚಿದಳು. ಚರ್ಮದ ಸೀಳಿನ ಕೆಳಗೆ ಕೀಲಿನ ತೂತು ಸರಿಯಾಗಿ ಬಂದು ಕೂತಿತು. ಚಿಮಟದ ತುದಿಯಲ್ಲಿ ಬಿಳಿ ಚೂರೊಂದು ಹೊರಬಂತು.

"ಅಕ್ಕಿ ನುಚ್ಚೇನ್ರಿ?" ಎಂದಳು ಹುಲಗೆಮ್ಮ.

"ಹಲ್ಲು."

* * *

ಮುಷರ್ರಫ್‌ನನ್ನೂ ಕರೆದುಕೊಂಡು ನಾಹಿದ್, ಹುಲಗೆಮ್ಮ ಇಬ್ಬರೂ ಮೆಟ್ಟಿಲು ಹತ್ತಿ ವಾರ್ಡಿಗೆ ಬಂದರು. ವಲಿ ಪಾಷಾನ ಮುರಿದ ಹಲ್ಲಿನ ಅಂಚಿಗೆ ಚೂರು ಹೊಂದಿತು.

"ಬೆಲ್ಟ್ ಬಡಿಯೋವಾಗ ಯಾರೂ ಮುಷ್ಟಿ ಬಿಗಿಹಿಡಿಯಂಗಿಲ್ಲ," ಎಂದಳು ನಾಹಿದ್. "ಈ ಕೀಲು ತೂತಾಗಿದ್ದು ಮುಷ್ಟಿ ಬಿಗಿದಾಗ. ಬಾಯಿಗೆ ಗುದ್ದಿದ ಕೈ ಇದು. ಹಲ್ಲು ನಟ್ಟ ಗಾಯ ಹೊಲದು ಮುಚ್ಚಿದ್ದಕ್ಕ ಕೀವಾಗ್ಯಾದ."

"ಮತ್ತ ನಿನ್ನಿ ಮೋಟಾರಿಗೆ ತಂತಿನೇ ಇರಲಿಲ್ಲ," ಎಂದಳು ಹುಲಗೆಮ್ಮ ಮುಷರ್ರಫ್‌ನನ್ನು ನೋಡುತ್ತ. "ಬೆಲ್ಟ್ ಹೆಂಗ ತಿರಗ್ತಪ್ಪಾ?"

ಅವನ ಮುಖ ಇಳಿದುಹೋಯಿತು.

"ತಂತಿ ಒಯ್ಯೋವಾಗ ಮಾಮೂ ಬಂದ್ರು. ಕೈ ಹಿಡಕೊಂಡ್ರು, ಬಿಡಲಿಲ್ಲ. ಒಂದ ಗುದ್ದು ಗುದ್ದಿದೆ. ಅವ್ರು ಹಿಂಗ ಬೀಳ್ತಾರ ಅನಕೊಂಡಿರಲಿಲ್ರಿ."

ಸಿಟ್ಟು ಬರಬೇಕಿತ್ತು. ನಾಹಿದ್‌ಗೆ ಬಂದದ್ದು ಬರೀ ದಣಿವು. ಕೈ ಯಾರದಾದರೇನು, ಗಾಯ ತೊಳೆಯಲೇಬೇಕು. ಕೆಳಗೆ ಕರೆತಂದು ತೊಳೆದಳು. ಹೊಲಿಯದೆ ತೆರೆದೇ ಬಿಟ್ಟು ಪಟ್ಟಿ ಕಟ್ಟಿದಳು.

* * *

ಮುಷರ್ರಫ್‌ನ ಪಕ್ಕ ಪೇದೆಯೊಬ್ಬನನ್ನು ಕಾವಲಿಗೆ ನಿಲ್ಲಿಸಿ, ಹುಲಗೆಮ್ಮ ಠಾಣೆಯ ಸಾಹೇಬರಿಗೆ ಫೋನ್ ಮಾಡಿ, ಮೌನಪ್ಪನನ್ನು ಬಿಡಲು ಒಪ್ಪಿಗೆ ಪಡೆದು ಬಂದು ಕೂತಳು.

"ನಿನ್ನ ಗಂಡನ್ನ ಕರಕೊಂಡು ಹೋಗವ್ವಾ. ಬಸ್ಸಿಗೆ ಟೈಮ್ ಅದ."

ಮಾನಮ್ಮ ಕದಲಲಿಲ್ಲ.

"ಬಸ್ಸಿನ್ಯಾಗ ಒಯ್ಯಂಗಿಲ್ರಿ. ನಿನ್ನಿ ಜೀಪಿನ್ಯಾಗ ಹಾಕ್ಕೊಂಡು ಬಂದ್ರಿ, ಓಣಿಗೆ ಓಣಿನೇ ನಿಂತು ನೋಡ್ತು. ಈಗನೂ ಜೀಪಿನ್ಯಾಗ ತಂದು ಬಿಡ್ರಿ. ಎಲ್ಲಾರೂ ನೋಡ್ಲಿ."

ಹುಲಗೆಮ್ಮ ಗೋಡೆ ಹಿಡಿದು ಎದ್ದಳು. ಡ್ರೈವರನ್ನು ಕರೆದು, ಮುಂದಿನ ಸೀಟಿನಲ್ಲಿ ಮೌನಪ್ಪನನ್ನು ಕೂರಿಸಿ, ಮಾನಮ್ಮನ ಜೊತೆ ತಾನು ಹಿಂದೆ ಹತ್ತಿದಳು.