ಮನೆ ದಾರಿಯ ಲೋಡು

ಮೆಕ್ಕೆಜೋಳದ ಕೊಯ್ಲು ಮುಗಿದು, ಬೆಳಗಿನ ಮಂಜು ಹೊಲಗಳ ಮೇಲೆ ಹಾಲಿನ ಕೆನೆಯಂತೆ ಕಟ್ಟುತ್ತಿದ್ದ ದಿನಗಳು. ವೇ ಬ್ರಿಡ್ಜ್ ಮುಂದೆ ಲಾರಿಗಳು ಸಾಲುಗಟ್ಟಿದ್ದವು. ಗಾಜಿನ ಕಿಟಕಿಯ ಹಿಂದೆ ಕೂತು ತೂಕದ ಚೀಟಿ ಬರೆಯುವವಳನ್ನು ಡ್ರೈವರುಗಳೆಲ್ಲ 'ತೂಕದಕ್ಕ' ಎನ್ನುತ್ತಿದ್ದರು. ನೀಲಿ ಲಾರಿಯವನೊಬ್ಬ ಮಾತ್ರ 'ರೀ' ಎನ್ನುತ್ತಿದ್ದ. ಆ ಒಂದಕ್ಷರಕ್ಕಾಗಿ ಅವಳು ಎರಡು ಬೆಳೆ ಕಾದಿದ್ದಳು.

ನೀಲಿ ಲಾರಿ ಅವನ ಸ್ವಂತದ್ದು. ಜೋಳ ಹೊತ್ತು ಪಟ್ಟಣಕ್ಕೆ ಹೋಗುವುದು ಸುಲಭ. ಮನೆ ಕಡೆಗೆ ಲೋಡು ಸಿಗುವುದೇ ಕಷ್ಟ. ಅಪರೂಪಕ್ಕೆ ಸಿಕ್ಕರೂ ಊರು ದಾಟಿ ನೂರು ಮೈಲಿ ಆಚೆಗೆ. ಎಷ್ಟೋ ಸಲ ತನ್ನ ಮನೆಯ ಮುಂದೆಯೇ ಹಾರ್ನ್ ಹೊಡೆದು ಹಾದುಹೋಗಿದ್ದ. ಅಮ್ಮ ಹಿಟ್ಟಿನ ಕೈಯಲ್ಲೇ ಹೊರಬರುವಷ್ಟರಲ್ಲಿ ಧೂಳಷ್ಟೇ ಉಳಿದಿರುತ್ತಿತ್ತು.

"ಇಳೀರಿ. ಡ್ರೈವರ್ ಕೂತಿದ್ರೆ ಸರಿ ತೂಕ ಬರಲ್ಲ."

"ನಂದೇನು ಮಹಾ ತೂಕ ರೀ?"

"ಮಾತೇ ಎಪ್ಪತ್ತು ಕೆಜಿ ಇದೆ."

ಅವನು ನಕ್ಕು ಇಳಿದ. ಅವಳ ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ನನ್ನು ನೋಡಿದ. ನೋಡಿದ್ದು ಅವಳಿಗೆ ಗೊತ್ತಾಯಿತೆಂದು ತಿಳಿದು ಲಾರಿಯ ಗಾಲಿ ನೋಡಿದ.

"ಇದೇ ಕೊನೇ ಚೀಟಿ ಇರಬೇಕು. ಪಟ್ಟಣದಲ್ಲೊಂದು ಕಂಪನಿ ವರ್ಷದ ಕರಾರು ಕೊಡ್ತಿದೆ. ಅಲ್ಲೇ ಇದ್ಕೊಂಡು ಓಡಿಸೋದು. ನಾಳೆ ಸಹಿ. ಖಾಲಿ ಬಂದು ಬಂದು ಸಾಕಾಯ್ತು."

ಅವಳ ಪೆನ್ನು ನಿಂತಿತು. "ಅಮ್ಮನಿಗೆ ಹೇಳಿದ್ರಾ?"

"ಹಾರ್ನ್ ಹೊಡೆದು ಹೇಳ್ತೀನಿ."

ಅವಳಿಗೆ ನಗು ಬರಲಿಲ್ಲ. ರಿಜಿಸ್ಟರನ್ನು ಅವನ ಕಡೆ ತಿರುಗಿಸಿದಳು.

"ಡೇರಿಗೆ ಹಿಂಡಿ ತರೋ ತಾತ ಗೊತ್ತಲ್ಲ? ಅವರು ಪಟ್ಟಣದಿಂದ ತುಂಬ್ಕೊಂಡು ಬಂದು ಖಾಲಿ ಹೋಗ್ತಾರೆ. ನೀವು ತುಂಬ್ಕೊಂಡು ಹೋಗಿ ಖಾಲಿ ಬರ್ತೀರಿ. ಇಬ್ಬರ ಖಾಲಿ ತೂಕಾನೂ ಬರೆಯೋಳು ನಾನೇ. ತಾತನಿಗೆ ಕಣ್ಣು ಮಂಜಾಗಿದೆ, ಇನ್ನು ಗಾಡಿ ಓಡಿಸಲ್ಲ ಅಂದ್ರು. ಹೋದ ವಾರವೇ ಡೇರಿಯವರಿಗೆ ನಿಮ್ಮ ವಿಷಯ ಹೇಳಿದೀನಿ, ಒಪ್ಪಿದಾರೆ. ಡೇರಿಯಿಂದ ನಿಮ್ಮನೆ ಎಷ್ಟು ದೂರ?"

"ಕೂಗಳತೆ." ಅವನ ದನಿ ಸಣ್ಣದಾಗಿತ್ತು. "ನನ್ನನ್ನ ಕೇಳದೇನೇ ಹೇಳಿದ್ರಾ?"

"ಕೇಳಿದ್ರೆ ಯಾಕೆ ಅಂತಿದ್ರಿ."

"ಈಗ ಅಂತೀನಿ. ಯಾಕೆ?"

ಹಿಂದಿನ ಲಾರಿಗಳು ಹಾರ್ನ್ ಹೊಡೆಯತೊಡಗಿದವು. ಅವಳು ತಲೆ ಎತ್ತಲಿಲ್ಲ.

"ದಿನಕ್ಕೆ ನಲವತ್ತು ಗಾಡಿ ನಂಬರ್ ನೋಡಿ ಬರೀತೀನಿ. ನಿಮ್ಮದೊಂದನ್ನ ನೋಡದೇ ಬರೀತೀನಿ. ಸಾಕಾ?"

ಅವನು ಜೇಬಿನಿಂದ ಕರಾರಿನ ಕಾಗದ ತೆಗೆದ. ನಾಲ್ಕಾಗಿ ಮಡಿಸಿ, ಒಳಗೆ ಬಂದು, ಎರಡು ಬೆಳೆಯಿಂದ ಅಲುಗಾಡುತ್ತಿದ್ದ ಅವಳ ಮೇಜಿನ ಕಾಲಡಿಗೆ ಸಿಕ್ಕಿಸಿದ.

ಮುಂದಿನ ವಾರ, ಬಿಸಿಲು ಜೇನಿನ ಬಣ್ಣಕ್ಕೆ ತಿರುಗುವ ಹೊತ್ತು, ಡೇರಿಯಲ್ಲಿ ಹಿಂಡಿ ಇಳಿಸಿದ ನೀಲಿ ಲಾರಿ ಖಾಲಿ ತೂಕಕ್ಕೆ ಬಂದು ನಿಂತಿತು. ಅವನು ಹೇಳಿಸಿಕೊಳ್ಳದೆ ಇಳಿದ.

"ಲೋಡು ಕೊಡಿಸಿದವರಿಗೆ ಕಮಿಷನ್ ಕೊಡಬೇಕು. ನಿಮ್ಮದೆಷ್ಟು ರೀ?"

"ನಿಮ್ಮನೆವರೆಗೆ ಒಂದು ಸವಾರಿ. ಹಾರ್ನ್ ಹೊಡೆದು ದಾಟೋ ಹಾಗಿಲ್ಲ, ನಿಲ್ಲಿಸಬೇಕು."

ಕಿಟಕಿ ಮುಚ್ಚಿ ಬಂದು ಅವಳೇ ಲಾರಿ ಹತ್ತಿದಳು. ಹೊರಗಿನ ಬೋರ್ಡಿನ ಕೆಂಪು ಅಂಕಿ ಮೆಲ್ಲಗೆ ಐವತ್ತು ಏರಿ ನಿಂತಿತು.

"ಖಾಲಿ ತೂಕ ತಪ್ಪಾಯ್ತಲ್ರೀ!"

"ತಪ್ಪಿಲ್ಲ. ಇನ್ಮೇಲೆ ಇದೇ ಬರ್ಕೊಳ್ಳಿ."

ಮನೆಯ ಮುಂದೆ ಅಮ್ಮ ಹಿಟ್ಟಿನ ಕೈಯಲ್ಲೇ ಹೊರಬಂದಳು. ಧೂಳು ಇಳಿಯಿತು, ಲಾರಿ ಅಲ್ಲೇ ಇತ್ತು.

"ಕಮಿಷನ್ ತೀರಿತಾ?" ಅವನು ಪಿಸುಗುಟ್ಟಿದ.

"ಮೊದಲನೇ ಲೋಡಿಂದು," ಎಂದು ಅವಳು ಇಳಿಯಲು ಕೈ ಚಾಚಿದಳು.