ಜಗಲಿಯ ಮೇಲಿನ ಹೂಂ

ಟ್ರೆಂಟ್‌ನನ್ನು ಡೆಲ್ವೀನ್ ಮೊದಲ ಸಲ ಕಂಡಾಗ ಅವನು ಹಾಸ್ಟೆಲ್ ಜಗಲಿಯಲ್ಲಿ ಹುಡುಗಿಯರ ನಡುವೆ ಕೂತು ಪರಮಾನಂದದಲ್ಲಿದ್ದ. ಆದಿವಾಸಿ ವಿದ್ಯಾರ್ಥಿಗಳ ಹೆಸರಿನಲ್ಲಿ ಸರ್ಕಾರ ಕೊಡುವ ಹಣ ಅವರನ್ನು ಮುಟ್ಟುತ್ತಿದೆಯೇ ಎಂದು ನೋಡಲು ರಾಜಧಾನಿ ಕ್ಯಾನ್‌ಬೆರಾದಿಂದ ಉತ್ತರ ಕರಾವಳಿಯ ಕೆರ್ನ್ಸ್‌ಗೆ ಬಂದ ಅಧಿಕಾರಿ. ಇಸ್ತ್ರಿ ಅಂಗಿ ಆಗಲೇ ಬೆವರಿಗೆ ಶರಣಾಗಿತ್ತು.

"ಪಾಠ ಹೇಳಿಕೊಡೋರು ವಾರವಾರ ಬರ್ತಾರಾ?"

"ಹೂಂ."

"ಉಪಯೋಗ ಆಗ್ತಿದೆಯಾ?"

"ಹೂಂ."

"ಇಷ್ಟು ಚೆನ್ನಾಗಿ ನಡೆಯೋ ಯೋಜನೆ ನಾನು ನೋಡೇ ಇಲ್ಲ," ಎಂದ, ಬಾಗಿಲಲ್ಲಿ ನಿಂತ ವಾರ್ಡನ್ ಡೆಲ್ವೀನ್‌ಗೆ.

ಅವಳು ಹುಡುಗಿಯರ ಕಡೆ ತಿರುಗಿದಳು. "ಈ ಸಾರ್ ಪ್ರಧಾನಿಯ ಅಣ್ಣ ಅಲ್ವೇನ್ರೇ?"

"ಹೂಂ."

"ನಾಳೆ ಊಟದ ಹಾಲ್‌ನಲ್ಲಿ ಡಾನ್ಸ್ ಮಾಡ್ತಾರಂತೆ?"

"ಹೂಂ," ಎಂದರು, ನೆಲ ನೋಡುತ್ತಲೇ. ಒಬ್ಬಳ ಭುಜ ಅಲುಗಿತು. ಆಮೇಲೆ ಇಡೀ ಜಗಲಿ ನಕ್ಕಿತು.

ಆ ಹೂಂ ಒಪ್ಪಿಗೆಯಲ್ಲ. ಬೇಗ ಎದ್ದು ಹೋಗಿ ಮಾರಾಯರೇ ಎಂಬುದರ ಮರ್ಯಾದಸ್ಥ ರೂಪ.

"ನೀವೂ ನಮ್ಮವರೇ ತಾನೇ?" ಎಂದಳು ಡೆಲ್ವೀನ್, ಹುಡುಗಿಯರು ಚದುರಿದ ಮೇಲೆ.

"ಹೌದು, ವಿರಾಜುರಿ ಬುಡಕಟ್ಟು. ದಕ್ಷಿಣದ ಡಬ್ಬೋ ಊರಿನ ಕಡೆ." ಅವನ ಮುಖ ಬಿಸಿಯಾಗಿತ್ತು. "ನಮ್ಮಜ್ಜಿಯೂ ಡಾಕ್ಟರ್ ಮುಂದೆ ಹೀಗೇ ಹೂಂ ಅಂತಿದ್ರು. ಆಫೀಸಿನ ಏಸಿಯಲ್ಲಿ ಮರೆತುಹೋಯ್ತು."

"ಇಲ್ಲಿ ಪಾಠ ಹೇಳೋಕೆ ಸರ್ಕಾರದ ದುಡ್ಡು ತಗೊಳ್ಳೋ ಕಂಪನಿಯ ಗುತ್ತಿಗೆ ಮುಂದುವರಿಸೋಕೆ ಶುಕ್ರವಾರ ಸಭೆ. ಮುಂದುವರೀತೋ, ಪಾಠದಲ್ಲಿ ಹಿಂದೆ ಬಿದ್ದ ದೊಡ್ಡ ಹುಡುಗಿಯರು ರಜೆಗೆ ಊರಿಗೆ ಹೋದೋರು ವಾಪಸ್ ಬರಲ್ಲ. ನಾನೂ ಬರಲಿಲ್ಲ, ನಾನು ಓದೋ ಕಾಲದಲ್ಲಿ."

"ಹಾಗಾದ್ರೆ ಏನು ಕೇಳ್ಲಿ?"

"ಏನೂ ಕೇಳಬೇಡಿ. ಹುಡುಗಿಯರ ಪಕ್ಕ ಗಾಳ ಹಿಡ್ಕೊಂಡು ಸುಮ್ನೆ ಕೂತ್ಕೊಳ್ಳಿ."

ಕೂತ. ಸಂಜೆಸಂಜೆ ನದಿಯ ಕಟ್ಟೆಯ ಮೇಲೆ, ಮೊಸಳೆಗೆ ಎಟುಕದಷ್ಟು ಎತ್ತರದಲ್ಲಿ. ಡೆಲ್ವೀನ್ ದಾರ ನೋಡುತ್ತಿದ್ದಳು. ಅವನು ದಾರ ಬಿಟ್ಟು ಅವಳ ಕಿವಿಯ ಹಿಂದೆ ನಿಲ್ಲದ ಗುಂಗುರು ಕೂದಲನ್ನು ನೋಡುತ್ತಿದ್ದ.

"ಮೀನು ಆ ಕಡೆ ಇದೆ," ಎಂದಳು, ತಿರುಗದೆಯೇ. ಕೆನ್ನೆಯ ಗುಳಿ ಮಾತ್ರ ಆಳವಾಯಿತು.

ಮೀನು ಸಿಗಲಿಲ್ಲ, ಮಾತು ಸಿಕ್ಕಿತು. ಗಣಿತದ ಮೇಷ್ಟ್ರು ಮಳೆಗಾಲದ ನಂತರ ಮುಖ ತೋರಿಸಿಲ್ಲ, ಒಬ್ಬಾಕೆ ಕ್ಯಾಮೆರಾ ಹಿಡಿದು ಬಂದು, ಕಂಪನಿಯ ಟೋಪಿ ಹಾಕಿಸಿ, ಫೋಟೋ ತೆಗೆದು, ಟೋಪಿಗಳನ್ನೂ ವಾಪಸ್ ಒಯ್ದಳು ಎಂದು ಹುಡುಗಿಯರು ತಾವಾಗಿಯೇ, ನೀರಿಗೆ ಹೇಳಿದಂತೆ ಹೇಳಿದರು.

ಶುಕ್ರವಾರ ಊಟದ ಹಾಲ್‌ನ ಸಭೆಯಲ್ಲಿ ಕಂಪನಿಯ ಮ್ಯಾನೇಜರ್ ಪರದೆ ತುಂಬ ನಗುಮುಖಗಳನ್ನು ತೋರಿಸಿದ. "ಎಲ್ಲ ಹುಡುಗಿಯರಿಗೂ ತೃಪ್ತಿ. ನಾವೇ ಕೇಳಿದ್ದೇವೆ."

"ನಾನೂ ಕೇಳಿ ಮೂರ್ಖನಾದೆ," ಎಂದು ಟ್ರೆಂಟ್ ಎದ್ದ. ನದಿಯ ಬಳಿ ಕೇಳಿದ್ದನ್ನು ಹೇಳಿದ. "ಇನ್ನು ಮೇಲೆ ಇಲ್ಲಿನ ಹಿರಿಯ ಅಜ್ಜಿಯರು ಹುಡುಗಿಯರ ಜೊತೆ ಕೂತು ವಿಷಯ ತಿಳ್ಕೊಳ್ಳಲಿ. ಪಾಠ ನಡೆದಿದೆ ಅಂತ ಅವರು ಹೇಳದೆ ಯಾವ ಕಂಪನಿಗೂ ದುಡ್ಡು ಬೇಡ."

ಅಜ್ಜಿಯರ ಮುಂದಾಳು, ಎಲ್ಲರೂ ಗೌರವದಿಂದ ಆಂಟಿ ಎನ್ನುವ ನೋಲೀನ್, ಕೋಲು ಊರಿ ಎದ್ದರು. "ಹುಡುಗಿಯರೇ, ಮೇಷ್ಟ್ರನ್ನ ಯಾವಾಗ ನೋಡಿದ್ರಿ, ನನಗೆ ಹೇಳಿ."

ಹುಡುಗಿಯರು ತಲೆಯೆತ್ತಿ ಹೇಳಿದರು. ಮ್ಯಾನೇಜರ್ ಪರದೆ ಆರಿಸಿದ. ಸಭೆಗೆ ಬಂದಿದ್ದ ಇಲಾಖೆಯ ಮೇಲಧಿಕಾರಿಣಿ ಗುತ್ತಿಗೆ ರದ್ದು ಮಾಡಿ, ಅಜ್ಜಿಯರ ಸಮಿತಿಗೆ ಅಲ್ಲೇ ಒಪ್ಪಿಗೆ ಕೊಟ್ಟರು. ಹಾಲ್‌ನ ಚಾವಣಿ ಹಾರಿಹೋಗುವಂತೆ ಚಪ್ಪಾಳೆ.

ಗದ್ದಲದ ನಡುವೆ ಆಂಟಿ ಟ್ರೆಂಟ್‌ನ ತೋಳು ಹಿಡಿದರು. "ಮಗಾ, ನಿನ್ನ ಅಜ್ಜಿಯ ಮನೆತನ ಯಾವುದು? ಅಜ್ಜನದು? ನಮ್ಮ ಕಡೆ ಯಾರಾದ್ರೂ ನೆಂಟರು?"

ಅವನು ನೆನಪಿದ್ದಷ್ಟನ್ನೂ ಒಪ್ಪಿಸಿದ.

"ರಕ್ತಸಂಬಂಧ ಇಲ್ಲ," ಎಂದು ಆಂಟಿ ಇಡೀ ಹಾಲ್‌ಗೆ ಕೇಳುವಂತೆ ತೀರ್ಪು ಕೊಟ್ಟರು. "ನನ್ನದೇನೂ ಅಡ್ಡಿಯಿಲ್ಲ."

ಡೆಲ್ವೀನ್ ನಾಚಿ ನದಿಯ ಕಡೆ ಓಡಿದಳು. ಅವನು ನಿಧಾನವಾಗಿ ಹೋಗಿ ಪಕ್ಕದಲ್ಲಿ ಕೂತ. ನೀರು ನೋಡಿದ. ಬಹಳ ಹೊತ್ತು ನೋಡಿದ.

"ಕೇಳಲ್ವಾ?"

"ಇಲ್ಲ. ಏನೂ ಕೇಳಬೇಡಿ ಅಂದಿದ್ರಲ್ಲ."

"ನಾಳೆ ವಿಮಾನ ಹತ್ತೋದಾ?"

ಅವನು ಒಂದು ಸಣ್ಣ ಕಲ್ಲನ್ನು ನೀರಿಗೆ ಎಸೆದ.

"ಹಾಳಾದವನೇ," ಎಂದಳು ಡೆಲ್ವೀನ್, ಅವನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದು. "ಹೋಗಬೇಡ ಕಣೋ. ನಾನೇ ಹೇಳ್ತಿದೀನಿ, ಯಾರೂ ಕೇಳದೆ."